ಕಬ್ಬಿಣದ ನೇಗಿಲು, ನಂಬಿಕೆಯ ಬಂಡವಾಳ

ಹಾವೇರಿ ಜಿಲ್ಲೆಯ ಉದ್ಯಮಿಗಳ ಸಭೆಗಳಲ್ಲಿ ನಾನು ಸೇವೆಯಲ್ಲಿದ್ದಾಗಲೂ, ನಿವೃತ್ತನಾದ ಮೇಲೂ ತಪ್ಪದೆ ಕೇಳಿದ ದೂರೊಂದಿದೆ. ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ, ನಿಂತವರಿಗೆ ನಿಷ್ಠೆಯಿಲ್ಲ ಎಂಬುದೇ ಆ ದೂರು. ಬ್ಯಾಡಗಿಯ ಮೆಣಸಿನಕಾಯಿ ವರ್ತಕರಿರಲಿ, ರಾಣೇಬೆನ್ನೂರಿನ ಬೀಜೋತ್ಪಾದಕರಿರಲಿ, ಹಾವೇರಿಯ ಸಣ್ಣ ಕೈಗಾರಿಕೆಗಳವರಿರಲಿ, ಎಲ್ಲರದೂ ಒಂದೇ ರಾಗ. ಅರ್ಥಶಾಸ್ತ್ರ ಓದಿದವರ ಬಳಿ ಇದಕ್ಕೊಂದು ಸಿದ್ಧ ಉತ್ತರವಿದೆ: ಕೂಲಿ ಹೆಚ್ಚಿಸಿ. ಅದು ಸರಿಯಾದ ಉತ್ತರವೇ. ಆದರೆ ಪೂರ್ಣ ಉತ್ತರವಲ್ಲ. ಉಳಿದರ್ಧವನ್ನು ತಮ್ಮ ಬದುಕಿನಿಂದಲೇ ಹೇಳಿದವರು ಲಕ್ಷ್ಮಣರಾವ್ ಕಿರ್ಲೋಸ್ಕರ್.

ಕಿರ್ಲೋಸ್ಕರ್ ಎಂಬ ಹೆಸರು ನಮ್ಮ ಭಾಗಕ್ಕೆ ಹೊಸದಲ್ಲ. ರಾಣೇಬೆನ್ನೂರಿನಿಂದ ದಕ್ಷಿಣಕ್ಕೆ ಹೊರಟು ತುಂಗಭದ್ರೆ ದಾಟಿದರೆ ಹರಿಹರ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದಾಗ ನದಿಯ ಈಚೆಗಿನ ರಾಣೇಬೆನ್ನೂರು ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಆಚೆಗಿನ ಹರಿಹರ ಮೈಸೂರು ಸಂಸ್ಥಾನಕ್ಕೆ. ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಆ ಕಾರ್ಖಾನೆಯ ಮೂಲ ಪುರುಷ ಲಕ್ಷ್ಮಣರಾಯರು.

1869ರ ಜೂನ್ 20ರಂದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅವರಿಗೆ ಓದಿಗಿಂತ ಚಿತ್ರ ಬಿಡಿಸುವುದರಲ್ಲಿ, ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಕೆಲವು ಬಣ್ಣಗಳನ್ನು ಗುರುತಿಸಲಾಗದ ದೃಷ್ಟಿದೋಷ ಇರುವುದು ತಿಳಿದಾಗ ಚಿತ್ರಕಲೆ ಕೈಬಿಟ್ಟು ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು. ಅಲ್ಲಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು. ಅಣ್ಣ ರಾಮುಅಣ್ಣ ಅವರೊಡನೆ 1888ರಲ್ಲಿ ಆರಂಭಿಸಿದ್ದ ಸೈಕಲ್ ಅಂಗಡಿಯೇ ಕ್ರಮೇಣ ಮೇವು ಕತ್ತರಿಸುವ ಯಂತ್ರಗಳ, ಆಮೇಲೆ ಕಬ್ಬಿಣದ ನೇಗಿಲುಗಳ ಕಾರ್ಖಾನೆಯಾಯಿತು. ಯೋಗ್ಯತೆಯಿದ್ದೂ ಹುಟ್ಟಿನ ಕಾರಣಕ್ಕೆ ಹಿಂದೆ ಸರಿಯಬೇಕಾದ ನೋವು ಅವರಿಗೆ ಗೊತ್ತಿತ್ತು. ಮುಂದೆ ಅವರು ಜನರನ್ನು ಆರಿಸಿಕೊಂಡ ರೀತಿಯನ್ನು ನೋಡಿದರೆ, ಆ ನೋವು ಕಹಿಯಾಗದೆ ವಿವೇಕವಾಯಿತು ಎಂದೇ ನನಗೆ ತೋರುತ್ತದೆ.

ಕಬ್ಬಿಣ ತಗುಲಿದರೆ ನೆಲ ವಿಷವಾಗುತ್ತದೆ ಎಂದು ರೈತರು ನಂಬಿದ್ದ ಕಾಲವದು. ಮೊದಲ ನೇಗಿಲುಗಳನ್ನು ಮಾರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಬೆಳಗಾವಿಯ ಪುರಸಭೆ ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಿಸಿತು. ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸರು. ಇಂದಿನ ಸಾಂಗಲಿ ಜಿಲ್ಲೆಯ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ನೆಲವನ್ನೂ, 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದು ಹಾವುಗಳು ತುಂಬಿದ್ದ ಆ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಬೆಳಗಾವಿಯಿಂದ ಸುಮಾರು 25 ಕೆಲಸಗಾರರು ಕುಟುಂಬ ಸಮೇತ ಅವರ ಹಿಂದೆ ಹೋದರು.

ಈ ಸಂಗತಿಯನ್ನು ತುಸು ನಿಂತು ಯೋಚಿಸಬೇಕು. ಛಾವಣಿಯಿಲ್ಲದ ಕಾರ್ಖಾನೆ, ಮನೆಯಿಲ್ಲದ ಊರು, ಸಾಲದಲ್ಲಿ ಮುಳುಗಿದ ಮಾಲೀಕ. ಲಾಭ ನಷ್ಟ ಲೆಕ್ಕ ಹಾಕುವ ಯಾವ ಕೂಲಿಕಾರನೂ ಅಲ್ಲಿಗೆ ಹೋಗಬಾರದಿತ್ತು. ಆದರೂ ಹೋದರು. ನಾಳೆ ಇವರು ನಮ್ಮನ್ನು ಕೈಬಿಡುವುದಿಲ್ಲ ಎಂಬ ಭರವಸೆಯಲ್ಲದೆ ಅವರನ್ನು ಕರೆದೊಯ್ದದ್ದು ಬೇರೇನೂ ಇರಲಾರದು.

ಆ ಭರವಸೆಗೆ ಆಧಾರವಿತ್ತು. ಲಕ್ಷ್ಮಣರಾಯರು ಪ್ರಮಾಣಪತ್ರ ನೋಡುವ ಮೊದಲು ಮನುಷ್ಯನನ್ನು ನೋಡಿದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಅನಂತರಾವ್ ಫಳ್ನೀಕರ್ ಅವರ ಬಳಿ ಪಳಗಿ ನುರಿತ ಎಂಜಿನಿಯರ್ ಆದರು. ದರೋಡೆಗಾಗಿ ಶಿಕ್ಷೆ ಅನುಭವಿಸಿದ್ದ ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ್ ಆ ಊರಿನ ಕಾವಲುಗಾರರಾದರು. ರಾಮುಅಣ್ಣ ಊರಿನ ಆಡಳಿತ ನೋಡಿಕೊಂಡರು. ಅಸ್ಪೃಶ್ಯತೆಗೆ ಅಲ್ಲಿ ಎಡೆಯಿಲ್ಲವೆಂದು ಲಕ್ಷ್ಮಣರಾಯರು ಪಟ್ಟು ಹಿಡಿದರು. ಒಂದು ಶತಮಾನದ ಹಿಂದೆ ಅದು ಸಣ್ಣ ಮಾತಲ್ಲ. ನಂಬಿಕೆಗೆ ಅರ್ಹನಾದ ಮೇಲೆ ಹೊಣೆ ಕೊಡುವುದು ಸಾಮಾನ್ಯ ಮಾಲೀಕರ ರೀತಿ. ಹೊಣೆ ಕೊಟ್ಟು ಅರ್ಹನನ್ನಾಗಿಸುವುದು ಅವರ ರೀತಿಯಾಗಿತ್ತು.

1948ರಲ್ಲಿ ಗಾಂಧೀಜಿಯವರ ಹತ್ಯೆಯ ನಂತರದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಬಿತ್ತು. ಕಾರ್ಖಾನೆ ಮತ್ತೆ ಎದ್ದು ನಿಂತಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. ಐದು ವಾರಗಳ ಬಳಿಕ, ನವೆಂಬರ್ 1ರಂದು, ಅವರು ಹುಟ್ಟಿದ ಊರು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಅವರು ಕಟ್ಟಿದ ಊರು ಮುಂಬಯಿ ರಾಜ್ಯದಲ್ಲೇ ಉಳಿಯಿತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಬರಿಯ ಸ್ತುತಿಯಾದೀತು. ಒಡೆಯನ ಒಳ್ಳೆಯತನವನ್ನು ನೆಚ್ಚಿದ ವ್ಯವಸ್ಥೆಗೆ ಒಂದು ಮಿತಿಯಿದೆ. ಒಳ್ಳೆಯತನ ಆಸ್ತಿಯಂತೆ ಮುಂದಿನವರಿಗೆ ವರ್ಗಾವಣೆಯಾಗುವುದಿಲ್ಲ. ಮಾರುಕಟ್ಟೆ ಬದಲಾದಾಗ ಅದಷ್ಟೇ ಸಾಲುವುದೂ ಇಲ್ಲ. ಹಲವು ದಶಕ ನಡೆದ ಹರಿಹರದ ಕಾರ್ಖಾನೆ ಕೊನೆಗೆ ಮುಚ್ಚಿತು. ಅಂತಹ ದಿನಗಳಲ್ಲಿ ಕಾರ್ಮಿಕನ ಕೈ ಹಿಡಿಯಬೇಕಾದದ್ದು ಸ್ಥಾಪಕರ ನೆನಪಲ್ಲ, ಭವಿಷ್ಯನಿಧಿ ಮತ್ತು ಉಪದಾನದ ಕಾನೂನು. ಆದ್ದರಿಂದ ನಂಬಿಕೆಯನ್ನು ಹಕ್ಕಿನ ಬದಲಿಗೆ ಕೊಡುವಂತಿಲ್ಲ. ಹಕ್ಕನ್ನು ಪೂರ್ತಿ ಸಲ್ಲಿಸಿದ ಮೇಲೆ ನಂಬಿಕೆಯ ಮಾತು.

ನಮ್ಮ ಜಿಲ್ಲೆಯಲ್ಲಿ ಇದು ಅಮೂರ್ತ ಪ್ರಶ್ನೆಯಲ್ಲ. ಬ್ಯಾಡಗಿಯಲ್ಲಿ ಘಾಟಿನ ನಡುವೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಕಾಯಿಯ ಬಣ್ಣ, ಸುಕ್ಕು, ತೇವ ನೋಡಿದೊಡನೆ ಗುಣ ತಿಳಿಯುತ್ತದೆ. ರಾಣೇಬೆನ್ನೂರಿನ ಹೊಲಗಳಲ್ಲಿ ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಸಂಕರಣ ಬೀಜ ಮಾಡುವವರ ಕೌಶಲವಿಲ್ಲದೆ ಬೀಜದ ಚೀಲದ ಮೇಲಿನ ಹೆಸರಿಗೆ ಬೆಲೆಯಿಲ್ಲ. ಆದರೆ ಇವರು ಹಾಜರಿ ಪುಸ್ತಕದಲ್ಲಿ ದಿನಗೂಲಿಗಳು ಮಾತ್ರ. ಇವರಲ್ಲಿ ಎಷ್ಟು ಮಂದಿಯನ್ನು ಗುಣಮಟ್ಟ ಪರೀಕ್ಷೆಯ, ತಂಡದ ಮೇಲ್ವಿಚಾರಣೆಯ ಹೊಣೆಗೆ ಏರಿಸಿದ್ದೇವೆ? ಎಷ್ಟು ಮಂದಿಯ ಹೆಸರು ಭವಿಷ್ಯನಿಧಿಯ ಪಟ್ಟಿಯಲ್ಲಿದೆ? ನಿಷ್ಠೆಯಿಲ್ಲವೆಂದು ದೂರುವ ಮೊದಲು ಮಾಲೀಕರು ಈ ಎರಡು ಲೆಕ್ಕಗಳನ್ನು ತೆಗೆದು ನೋಡಿಕೊಳ್ಳುವುದು ಒಳ್ಳೆಯದು.