ಪಂಡಿತಾ ರಮಾಬಾಯಿಯವರ ಸಮರ್ಪಿತ ಜೀವಿತ

ಕೂಡಲಸಂಗಮದಲ್ಲಿ ನಿಂತು ನೋಡಿದವರಿಗೆ, ಕಣಕುಂಬಿಯ ಬೆಟ್ಟಗಳಿಂದ ಇಳಿದು ಬಂದ ಮಲಪ್ರಭೆಯು ಅಲ್ಲಿ ಕೃಷ್ಣೆಯನ್ನು ಕೂಡಿ, ತನ್ನ ಹೆಸರನ್ನು ಬಿಟ್ಟುಕೊಟ್ಟು, ಪೂರ್ವದಿಕ್ಕಿಗೆ ಸಾಗುವದು ಕಾಣುತ್ತದೆ. ಹೆಸರು ಹೋದರೂ ನೀರು ಬತ್ತುವದಿಲ್ಲ; ಒಂಟಿಯಾಗಿ ಮುಟ್ಟಲಾರದ ದೂರದ ಹೊಲಗಳನ್ನು ಅದು ಮುಟ್ಟುತ್ತದೆ. ತನ್ನ ಆಲೋಚನೆಗಳನ್ನು ದೇವರ ಚಿತ್ತಕ್ಕೆ ಒಪ್ಪಿಸಿಕೊಟ್ಟವರ ಬಾಳೂ ಹೀಗೆಯೇ ಇರುವದು. ಅಂಥವರಲ್ಲಿ ಒಬ್ಬರು ಪಂಡಿತಾ ರಮಾಬಾಯಿಯವರು. ಅವರು ತುಂಗೆಯು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, ಎಂದರೆ ನಮ್ಮ ಕನ್ನಡನಾಡಿನಲ್ಲಿಯೇ, 1858ನೆಯ ಇಸವಿ ಏಪ್ರಿಲ್ 23ರಂದು ಜನಿಸಿದರು. ಆ ತುಂಗೆಯ ನೀರೂ ಕಡೆಗೆ ಕೃಷ್ಣೆಯನ್ನೇ ಸೇರುತ್ತದೆ.

ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ವಿದ್ಯೆಯೇಕೆಂದು ಲೋಕವು ಕೇಳುತ್ತಿದ್ದ ಕಾಲದಲ್ಲಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿ, ಪಂಡಿತರ ವಿರೋಧಕ್ಕೆ ಗುರಿಯಾದರು. ರಮಾಬಾಯಿಯು ಆರು ತಿಂಗಳ ಶಿಶುವಾಗಿದ್ದಾಗಲೇ ಕುಟುಂಬವು ಆ ಕಾಡಿನ ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರಂತೆ. ಮುಂದೆ ಪುರಾಣಗಳನ್ನು ಓದಿ ಹೇಳುವದೇ ಅವರ ಜೀವನೋಪಾಯವಾಯಿತು. ತಾಯಿಯೇ ಮಗಳಿಗೆ ಗುರುವಾದರು.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋದರು. ಅದೇ ದಶಕದ 1876–78ರ ಬರವು, ಹುನಗುಂದ, ಬಾದಾಮಿ, ಬಾಗಲಕೋಟೆಗಳು ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯ ಹಳ್ಳಿಗಳನ್ನು ಹೇಗೆ ಬರಿದು ಮಾಡಿತೆಂಬದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಅಂಥ ದಿನಗಳಲ್ಲಿ ರಮಾಬಾಯಿಯು ಅಣ್ಣನಾದ ಶ್ರೀನಿವಾಸನೊಡನೆ ಸಾವಿರಾರು ಮೈಲು ನಡೆದು, 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಅವರನ್ನು ಪರೀಕ್ಷಿಸಿ, ಬೆರಗಾಗಿ, ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದನ್ನಿತ್ತರು. ಆದರೆ 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. 1882ರಲ್ಲಿ ಅವರನ್ನೂ ಕಾಲರಾ ರೋಗವು ಒಯ್ದಿತು. ಇಪ್ಪತ್ತಮೂರು ವರ್ಷದ ವಿಧವೆಯ ತೋಳಿನಲ್ಲಿ ಉಳಿದದ್ದು ಮನೋರಮೆಯೆಂಬ ಹಸುಗೂಸು ಒಂದೇ.

ಆಗ ಅವರು ಒಂದು ನಿಶ್ಚಯವನ್ನು ಮಾಡಿದರು. ಪುರುಷ ವೈದ್ಯರ ಮುಂದೆ ಬರಲಾರದೆ ನರಳುವ ನಮ್ಮ ಹೆಂಗಸರಿಗೋಸ್ಕರ ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಬಾಗಿಲು ಮುಚ್ಚಿತು. ಕಿವಿಯು ದಿನೇ ದಿನೇ ಮಂದವಾಗುತ್ತಾ ಬಂದದ್ದರಿಂದ ವೈದ್ಯರಾಗುವ ಆಶೆಯನ್ನು ಬಿಡಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾಂಟೇಜ್ ಊರಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನವನ್ನು ಹೊಂದಿದರು. ಬಳಿಕ ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸಿದರು.

ಇಲ್ಲಿ ಒಂದು ಮಾತನ್ನು ನಮ್ಮ ಹೆಣ್ಣುಮಕ್ಕಳು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ದೇವರಿಗೆ ಒಪ್ಪಿಸಿಕೊಡುವದೆಂದರೆ ಎದುರಿಗೆ ಬಂದ ಮನುಷ್ಯರಿಗೆಲ್ಲಾ ತಲೆಬಾಗುವದಲ್ಲ. ಅಲ್ಲಿಯ ಸಭೆಯ ಹಿರಿಯರು ತಮ್ಮ ಬೋಧನೆಗಳನ್ನು ಪ್ರಶ್ನೆಯಿಲ್ಲದೆ ಅಂಗೀಕರಿಸಬೇಕೆಂದು ಒತ್ತಾಯಪಡಿಸಿದಾಗ, ರಮಾಬಾಯಿಯವರು ತಮ್ಮ ಮನಸ್ಸಾಕ್ಷಿಯನ್ನು ಯಾರ ಕೈಗೂ ಕೊಡಲೊಪ್ಪಲಿಲ್ಲ. ಅದನ್ನು ಒಬ್ಬ ದೇವರಿಗೇ ಮೀಸಲಾಗಿಟ್ಟಿದ್ದರು.

1886ರಲ್ಲಿ ಅಮೆರಿಕಕ್ಕೆ ಹೋಗಿ, ಬಾಲವಿಧವೆಯರ ಸ್ಥಿತಿಯನ್ನು ವಿವರಿಸುವ ಇಂಗ್ಲಿಷ್ ಗ್ರಂಥವೊಂದನ್ನು ಬರೆದರು. ಬೋಸ್ಟನ್ ನಗರದ ಸ್ನೇಹಿತರು ಸಂಘವನ್ನು ಕಟ್ಟಿ, ಹತ್ತು ವರ್ಷ ಸಹಾಯ ಮಾಡುವ ಮಾತನ್ನು ಕೊಟ್ಟರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಯಿತು; ಮರುವರ್ಷ ಪುಣೆಗೆ ಸ್ಥಳಾಂತರವಾಯಿತು.

ಅವರ ಅಂತರಂಗದ ಸಮರ್ಪಣೆಯು ನಡೆದದ್ದು ಈ ವರ್ಷಗಳಲ್ಲಿಯೇ. ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಚರಿತ್ರೆಯನ್ನು ಓದುವಾಗ, ತಾವು ಕ್ರೈಸ್ತಮತವನ್ನು ಕಂಡುಕೊಂಡಿದ್ದರೂ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲವೆಂಬ ಅರಿವು ಅವರಿಗುಂಟಾಯಿತು. ಅಂದಿನಿಂದ ತಮ್ಮ ವಿದ್ಯೆ, ಕೀರ್ತಿ, ಸಂಸ್ಥೆ ಎಲ್ಲವನ್ನೂ ಆತನ ಪಾದಕ್ಕೆ ಒಪ್ಪಿಸಿದರು. ಒಪ್ಪಿಸಿದ ಕೂಡಲೇ ಮಾರ್ಗವು ಸುಗಮವಾಗಲಿಲ್ಲ. 1893ರಲ್ಲಿ, ಸದನದ ಹುಡುಗಿಯರು ಕ್ರೈಸ್ತರಾಗುವರೆಂಬ ಭಯದಿಂದ ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಹತ್ತು ವರ್ಷದ ಸಹಾಯವು ಮುಗಿದ ಮೇಲೆ ಸದನವು ತನ್ನ ಕಾಲಮೇಲೆ ತಾನು ನಿಲ್ಲಲೆಂದು, ಪುಣೆಯ ಹತ್ತಿರದ ಕೇಡಗಾಂವದಲ್ಲಿ ನೂರು ಎಕರೆಯಷ್ಟು ಭೂಮಿಯನ್ನು ಕೊಂಡು ಹಣ್ಣಿನ ತೋಟವನ್ನು ಹಾಕಿದ್ದರು. ಆದರೆ 1896–97ರಲ್ಲಿ ಮಧ್ಯಪ್ರಾಂತದಲ್ಲಿ ಬರವು ಬಂದಿತು. ಬರದ ಹಸಿವನ್ನು ತಾವೇ ಉಂಡಿದ್ದ ರಮಾಬಾಯಿಯವರು ಸುಮ್ಮನಿರಲಾರದೆ ಅಲ್ಲಿಗೆ ಹೋಗಿ, ಸುಮಾರು ಮುನ್ನೂರು ಮಂದಿ ಅನಾಥ ಹುಡುಗಿಯರನ್ನೂ ಸ್ತ್ರೀಯರನ್ನೂ ಕರತಂದರು. ಪುಣೆಯಲ್ಲಿಯೋ ಪ್ಲೇಗು, ಪಟ್ಟಣದಲ್ಲಿ ಅಷ್ಟು ಜನರನ್ನು ಇಡುವ ಹಾಗಿರಲಿಲ್ಲ. ಹಣ್ಣುಗಳಿಗೆಂದು ಕೊಂಡ ನೆಲವು ದಿಕ್ಕಿಲ್ಲದ ಹೆಣ್ಣುಮಕ್ಕಳ ಮನೆಯಾಯಿತು. ಅದೇ ಮುಕ್ತಿ ಸದನ. 1900ರ ಬರದ ನಂತರ ಅಲ್ಲಿ ಸುಮಾರು ಎರಡು ಸಾವಿರ ಮಂದಿ ಇದ್ದರು. ಅವರು ನೇಯುವದನ್ನೂ, ಬೇಸಾಯವನ್ನೂ, ಅಚ್ಚುಮೊಳೆ ಜೋಡಿಸುವದನ್ನೂ ಕಲಿತರು. ರಮಾಬಾಯಿಯವರ ಆಲೋಚನೆಗಿಂತ ದೇವರ ಆಲೋಚನೆಯು ದೊಡ್ಡದಾಗಿತ್ತು.

ಇಷ್ಟಾದರೂ ಒಂದು ಆಶೆಯು ತಾಯಿಯ ಹೃದಯದಲ್ಲಿ ಉಳಿದಿತ್ತು. ತಮ್ಮ ತರುವಾಯ ಮನೋರಮೆಯೇ ಈ ಭಾರವನ್ನು ಹೊರುವಳೆಂದು ನಂಬಿದ್ದರು. ಮನೋರಮಾಬಾಯಿಯು ಓದಿ ಪದವೀಧರೆಯಾಗಿ, ತಾಯಿಯ ಬಲಗೈಯಾಗಿ ದುಡಿದರು. 1912–13ರ ಸುಮಾರಿಗೆ ಆಗ ನಿಜಾಮರ ಸೀಮೆಯಾಗಿದ್ದ ಗುಲಬರ್ಗದಲ್ಲಿ ಕ್ರೈಸ್ತ ಹೈಸ್ಕೂಲು ಸ್ಥಾಪನೆಯಾದಾಗ ಅದರ ಹೊಣೆಯನ್ನೂ ವಹಿಸಿದರು. ಗಂಗಾಮೂಲದಿಂದ ಕೂಸಾಗಿ ಹೊರಟುಹೋದ ತಾಯಿಯ ಸೇವೆಯು ಮಗಳ ಕೈಯಿಂದ ಮತ್ತೆ ಕನ್ನಡನಾಡಿಗೆ ಬಂದ ಹಾಗಾಯಿತು. ಆದರೆ 1921ರ ಜುಲೈಯಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ, ಮನೋರಮಾಬಾಯಿಯು ತೀರಿಕೊಂಡರು.

ತಾಯಿಯ ದುಃಖವನ್ನು ನಾವು ಹಗುರವಾಗಿ ಎಣಿಸಬಾರದು. ಸಮರ್ಪಣೆಯು ಕಣ್ಣೀರನ್ನು ತಡೆಯುವದಿಲ್ಲ. ಆದರೂ ರಮಾಬಾಯಿಯವರು ಕೈಯಲ್ಲಿದ್ದ ಕೆಲಸವನ್ನು ಕೆಳಗಿಡಲಿಲ್ಲ. ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸಿಗೂ ತಿಳಿಯುವಂತೆ ಸತ್ಯವೇದವನ್ನು ಸರಳವಾದ ಮರಾಠಿಗೆ ತಿರುಗಿಸುವ ಕಾರ್ಯವನ್ನು ವರ್ಷಗಟ್ಟಲೆ ನಡಿಸುತ್ತಿದ್ದರು. ಅದನ್ನು ಮುಗಿಸಿ, ಮಗಳು ಹೋದ ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು ವಿಶ್ರಾಂತಿ ಹೊಂದಿದರು. ಮುಕ್ತಿ ಸದನವು ಇಂದಿಗೂ ಕೇಡಗಾಂವದಲ್ಲಿ ನಡೆಯುತ್ತಿದೆ.

ಈ ಶಾಲೆಯಲ್ಲಿ ಕಲಿತು ಹೋದ ಸಹೋದರಿಯರೇ, ನಿಮ್ಮಲ್ಲಿ ಕೆಲವರು ಬಯಸಿದ ವಿದ್ಯೆಯು ದೊರೆಯದೆ, ಕೆಲವರು ನೆನಸಿದ ಸಂಸಾರವು ನಿಲ್ಲದೆ ನೊಂದಿರಬಹುದು. ತಾಯ್ತಂದೆಗಳೇ, ನಿಮ್ಮ ಹೆಣ್ಣುಮಕ್ಕಳ ಬಾಳಿನ ಹಾದಿಯನ್ನು ನೀವೇ ಕೊನೆಯ ತನಕ ಗೆರೆ ಎಳೆದಿಟ್ಟಿರಬಹುದು. ಆಲೋಚಿಸುವದು ತಪ್ಪಲ್ಲ, ರಮಾಬಾಯಿಯವರಷ್ಟು ಆಲೋಚಿಸಿದವರೂ ದುಡಿದವರೂ ವಿರಳ. ಆದರೆ ಗೆರೆಯನ್ನು ಅಳಿಸಿ ಬೇರೆ ಬರೆಯುವ ಅಧಿಕಾರವನ್ನು ಅವರು ದೇವರಿಗೆ ಬಿಟ್ಟಿದ್ದರು. ಹೊಸ ಗೆರೆಯು ಕಂಡಲ್ಲಿ ಮರುದಿನವೇ ಕೆಲಸಕ್ಕೆ ಕೈಹಾಕುತ್ತಿದ್ದರು. ಕರ್ತನು ನಮ್ಮೆಲ್ಲರಿಗೂ ಅಂಥ ಮನಸ್ಸನ್ನು ಅನುಗ್ರಹಿಸಲಿ.