ಬೆಳಿಗ್ಗೆಯೇ ಬೀದಿಗಿಳಿಯುತ್ತಿದ್ದ ದಿವಾನರು

ಧಣಿ ಅಂದ್ರೆ ಯಾರು? ಗಲ್ಲಾಪೆಟ್ಟಿಗೆ ಹಿಂದೆ ಕೂತು ಕೆಲಸದ ಹುಡುಗರನ್ನು ಗದರಿಸುವವನೇ? ಘಟ್ಟ ಹತ್ತಿ ಬಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಅಂಗಡಿ, ಹೋಟೆಲು ಇಟ್ಟವರಾಗಲಿ, ಗಲ್ಫಿನಲ್ಲಿ ಹತ್ತು ಜನರ ಮೇಲೆ ಫೋರ್‌ಮನ್ ಆದವರಾಗಲಿ, ಈ ಪ್ರಶ್ನೆಯನ್ನು ಒಮ್ಮೆ ತಮಗೆ ತಾವೇ ಕೇಳಿಕೊಳ್ಳಬೇಕು. ಅದಕ್ಕಾಗಿ ನಾವು ಈ ವಾರ ಸರ್ ಮಿರ್ಜಾ ಇಸ್ಮಾಯಿಲರ ಬದುಕನ್ನು ನೋಡೋಣ. ಮೇಲೆ ಹೇಳಿದ ನಾಲ್ಕೂ ಊರುಗಳು ಆಗ ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳಿಗೆ ಸೇರಿ ಮೈಸೂರು ಸಂಸ್ಥಾನದಲ್ಲಿದ್ದವು. 1926ರಿಂದ 1941ರವರೆಗೆ ಆ ಸಂಸ್ಥಾನದ ದಿವಾನರಾಗಿದ್ದವರು ಇವರೇ.

ಮಿರ್ಜಾ ಅವರ ಅಜ್ಜ ಆಘಾ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಮೊಮ್ಮಗ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಹುಡುಗನಾಗಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಒಂದೇ ಪಾಠಶಾಲೆಯಲ್ಲಿ ಕಲಿತರು. ಮಹಾರಾಜರೇ ಸಹಪಾಠಿ ಆದ ಮೇಲೆ ಇನ್ನೇನು, ದೊಡ್ಡ ಕುರ್ಚಿ ಸುಲಭವಾಗಿ ಸಿಕ್ಕಿರಬೇಕು ಅಂತ ನಮಗೆ ಅನಿಸಬಹುದು. ಹಾಗಾಗಲಿಲ್ಲ. 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸಹಾಯಕ ಸೂಪರಿಂಟೆಂಡೆಂಟ್ ಆಗಿ ಸೇರಿದರು. ಆಮೇಲೆ ಅರಮನೆಯ ಕಚೇರಿಯಲ್ಲಿ ವರ್ಷಗಟ್ಟಲೆ ಕಾಗದಪತ್ರ ನೋಡಿದರು, ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. ದಿವಾನಗಿರಿ ಬರುವಷ್ಟರಲ್ಲಿ ಇಪ್ಪತ್ತು ವರ್ಷ ದಾಟಿತ್ತು. ಇನ್ನೊಬ್ಬರ ಕೆಳಗೆ ದುಡಿಯುವುದು ಏನು ಅಂತ ಗೊತ್ತಿದ್ದವರೇ ಮೇಲೆ ಬಂದರು.

ದಿವಾನರಾದ ಮೇಲೂ ಅವರು ಬೆಳಿಗ್ಗೆ ಬೇಗ ಕುದುರೆ ಹತ್ತಿ ಊರು ಸುತ್ತುತ್ತಿದ್ದರು. ಅದು ಬರೀ ಸವಾರಿ ಆಗಿರಲಿಲ್ಲ. ರಸ್ತೆ ಹೇಗಿದೆ, ಕಸ ಎಲ್ಲಿ ಬಿದ್ದಿದೆ, ಗಿಡಕ್ಕೆ ನೀರು ಹಾಕಿದ್ದಾರಾ ಅಂತ ತಾವೇ ನೋಡುತ್ತಿದ್ದರು. ಇಂಥ ಸಣ್ಣ ವಿಷಯ ದಿವಾನರಿಗೆ ಯಾಕೆ ಅಂತ ಕೇಳಿದವರೂ ಇದ್ದರು. ಆದರೆ ಜನ ದಿನಾ ನಡೆಯುವುದು ಆ ರಸ್ತೆಯಲ್ಲೇ ಅಲ್ವಾ? ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಅವರ ಕಾಲದ್ದು. ಅಲ್ಲೂ ತೋಟದ ಕೆಲಸವನ್ನು ಅದು ಬಲ್ಲ ಕ್ರುಂಬಿಗಲ್ ಅವರಿಗೆ ಬಿಟ್ಟು, ಬೇಕಾದ ಅನುಕೂಲ ಮಾಡಿಕೊಟ್ಟರು. ಬಲ್ಲವನ ಕೈಗೆ ಕೆಲಸ ಕೊಟ್ಟು ಹಿಂದೆ ನಿಲ್ಲುವುದೂ ಖಿದ್ಮತ್ತೇ.

ದುಡಿಯುವ ಕೈಗೆ ಕೆಲಸ ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಚನ್ನಗಿರಿಯವರಿಗೆ ಹತ್ತಿರದ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆ ಇತ್ತು. ಇವರ ಕಾಲದಲ್ಲಿ ಅದಕ್ಕೆ ಉಕ್ಕು, ಸಿಮೆಂಟು ಸೇರಿದವು, ಕಾಗದದ ಕಾರ್ಖಾನೆಯೂ ಬಂತು. ಮಂಡ್ಯದ ಸಕ್ಕರೆ ಕಾರ್ಖಾನೆಯೂ ಆಗಿನದೇ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ತಾಲೂಕುಗಳಿಂದ ಹೋದವರು ಕೆರೆ, ರಸ್ತೆ, ಶಾಲೆಯ ಅಹವಾಲು ಹೇಳುವಾಗ ಅಧ್ಯಕ್ಷ ಪೀಠದಲ್ಲಿ ಕೂತು ಕೇಳುವುದು ದಿವಾನರ ಕೆಲಸವಾಗಿತ್ತು.

ಆದರೆ ಅವರ ಕಾಲದ ಕಲೆಯನ್ನು ನಾವು ಮುಚ್ಚಿಡಬಾರದು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಬಿಟ್ಟರು. ರಸ್ತೆಯ ಕಸ ಕಂಡ ಆಡಳಿತಕ್ಕೆ ಜನರ ಮನಸ್ಸು ಕಾಣಲಿಲ್ಲ. ಆಮೇಲೆ ಸರ್ದಾರ್ ಪಟೇಲರ ಜೊತೆ ಮಾತುಕತೆಗೆ ಕೂತರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವೂ ಹಾರಬಹುದು ಅಂತ ಒಪ್ಪಂದವಾಯಿತು. ಬಗ್ಗಿದ್ದು ಒಳ್ಳೆಯದೇ, ಆದರೆ ಮೊದಲೇ ಕೇಳಿಸಿಕೊಂಡಿದ್ದರೆ ಹೋದ ಜೀವಗಳು ಉಳಿಯುತ್ತಿದ್ದವು.

ಮೈಸೂರು ಬಿಟ್ಟ ಮೇಲೆ ಜೈಪುರದ ಪ್ರಧಾನಿಯಾದರು. ಅಲ್ಲಿನ ದೊಡ್ಡ ರಸ್ತೆಗೆ ಇಂದಿಗೂ ಅವರದೇ ಹೆಸರು. 1946ರಲ್ಲಿ ಹೈದರಾಬಾದಿಗೆ ಹೋದರು. ಭಾರತದ ಜೊತೆ ಹೊಂದಿಕೊಂಡು ಹೋಗಬೇಕು ಅನ್ನುವ ಅವರ ಮಾತು ಅಲ್ಲಿ ನಡೆಯಲಿಲ್ಲ. 1947ರಲ್ಲಿ ಹುದ್ದೆ ಬಿಟ್ಟು ಬಂದರು. ಕುರ್ಚಿಗೆ ಅಂಟಿ ಕೂರಲಿಲ್ಲ. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಕೂಲಿ ತಡಮಾಡಬಾರದು ಅಂತ ಮದರಸಾದಲ್ಲಿ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅಷ್ಟಕ್ಕೇ ಧಣಿಯ ಕೆಲಸ ಮುಗಿಯಲ್ಲ. ಅಂಗಡಿಯ ಹುಡುಗ ರಾತ್ರಿ ಮಲಗುವ ಜಾಗ ಹೇಗಿದೆ, ಪಾತ್ರೆ ತೊಳೆಯುವಲ್ಲಿ ನಳದಲ್ಲಿ ನೀರು ಬರುತ್ತಾ, ಅವನು ಹೇಳಲಾಗದೆ ನುಂಗಿಕೊಂಡ ಮಾತು ಯಾವುದು? ಒಂದು ಸಂಸ್ಥಾನದ ದಿವಾನರು ಬೀದಿಗಿಳಿದು ನೋಡಬಹುದಾದರೆ, ನಾವು ನಮ್ಮ ಹೋಟೆಲಿನ ಹಿಂಬಾಗಿಲವರೆಗೆ ಹೋಗಿ ನೋಡಲಾರೆವೇ? ನಾಳೆ ಬೆಳಿಗ್ಗೆ ಒಮ್ಮೆ ಹೋಗಿ ನೋಡೋಣ. ಗದರಿಸೋಕೆ ಅಲ್ಲ, ಕೇಳೋಕೆ.