ಗದಗಿನ ಉಡಾಳ ಹುಡುಗ, ಪುಣೆಯ ಸ್ವರಭಾಸ್ಕರ

ಗದಗ, ಹುಬ್ಬಳ್ಳಿ, ಬೆಳಗಾವಿ ಕಡೆಯ ಬಸ್ಸುಗಳಿಂದ ಸ್ವಾರಗೇಟ ನಿಲ್ದಾಣದಲ್ಲಿ ಇಳಿಯುವ ನಮ್ಮವರಿಗೆ ಪುಣೆಯ ಮೊದಲ ಪರಿಚಯವಾಗುವುದು ಅಲ್ಲಿನ ಗದ್ದಲದಿಂದಲೇ. ಅಲ್ಲಿಗೆ ಸಮೀಪದ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನದಲ್ಲಿ 2018ರಿಂದೀಚೆಗೆ ಡಿಸೆಂಬರ್ ತಿಂಗಳಲ್ಲಿ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ನಡೆಯುತ್ತ ಬಂದಿದೆ. ಮಹೋತ್ಸವದ ಹೆಸರಿನಲ್ಲಿ ಇಬ್ಬರಿದ್ದಾರೆ. ಒಬ್ಬರು ಕುಂದಗೋಳದ ರಾಮಭಾವು, ಇನ್ನೊಬ್ಬರು ಗದಗಿನ ಭೀಮಸೇನ ಜೋಶಿ. ಇಬ್ಬರೂ ಹಳೆಯ ಧಾರವಾಡ ಜಿಲ್ಲೆಯವರು, ಮನೆಯಲ್ಲಿ ಕನ್ನಡ ಆಡಿದವರು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಭೀಮಸೇನರನ್ನು ಮರಾಠಿ ಅಭಂಗಗಳ ಗಾಯಕರೆಂದಷ್ಟೇ ಬಲ್ಲರು. ಹಿರಿಯರಿಗೋ ಅವರ ಬಾಲ್ಯದ ಉಡಾಳತನದ ಕತೆಗಳು ಬಾಯಿಪಾಠ. ಈ ಎರಡರ ನಡುವೆ ಇದ್ದ ಮನುಷ್ಯನನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನಮ್ಮ ಬಹುದಿನಗಳ ಆಸೆಯಾಗಿತ್ತು.

ಭೀಮಸೇನರು ಜನಿಸಿದ್ದು 1922ರ ಫೆಬ್ರುವರಿ 4ರಂದು. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಹದಿನಾರು ಮಕ್ಕಳಲ್ಲಿ ಇವರೇ ಹಿರಿಯರು. ತಾಯಿ ಭಜನೆ ಹಾಡುತ್ತಿದ್ದರು. ಬೀದಿಯಲ್ಲಿ ಬಾಜಾಬಜಂತ್ರಿ ಕೇಳಿಸಿದರೆ ಸಾಕು, ಹುಡುಗ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮೆರವಣಿಗೆ ಹೋದತ್ತ ಹೋಗಿ, ದಣಿದಲ್ಲಿ ಮಲಗಿ ನಿದ್ದೆಹೋಗುವನು. ಹುಡುಕಿ ಹುಡುಕಿ ಬೇಸತ್ತ ತಂದೆ ಕೊನೆಗೆ ಹುಡುಗನ ಅಂಗಿಯ ಮೇಲೆಯೇ ಇವನು ಜೋಶಿ ಮಾಸ್ತರರ ಮಗನೆಂದು ಬರೆದುಬಿಟ್ಟರು. ಅದನ್ನು ಓದಿದವರು ಹುಡುಗನನ್ನು ಮನೆಗೆ ತಂದು ಮುಟ್ಟಿಸುತ್ತಿದ್ದರು. ಈ ಪ್ರಸಂಗವನ್ನು ಹೇಳುವಾಗ ಎಲ್ಲರೂ ನಗುತ್ತಾರೆ. ನಮಗೆ ಮಾತ್ರ ಆ ಮಾಸ್ತರರ ಮೇಲೆ ಗೌರವ ಹುಟ್ಟುತ್ತದೆ. ಕಟ್ಟಿಹಾಕಿದರೆ ನಿಲ್ಲುವ ಮಗನಲ್ಲವೆಂದು ಅವರು ಅಷ್ಟು ಬೇಗ ಅರಿತಿದ್ದರು.

ಮೊದಲ ಪಾಠಗಳನ್ನು ಹೇಳಿದವರು ಕುರ್ತಕೋಟಿಯ ಅಗಸರ ಚನ್ನಪ್ಪನವರು, ಆಮೇಲೆ ಶ್ಯಾಮಾಚಾರ್ಯ ಜೋಶಿಯವರು. ಅಗಸರ ಮನೆಯ ಗುರುವಿನ ಬಳಿ ಬ್ರಾಹ್ಮಣ ಮಾಸ್ತರರ ಮಗ ಕಲಿತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಆದರೆ ಹುಡುಗನ ನಿದ್ದೆಗೆಡಿಸಿದ್ದು ಒಂದು ಗ್ರಾಮಫೋನ್ ತಟ್ಟೆ. ಅಬ್ದುಲ್ ಕರೀಮ್ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಒಂದು ಠುಮರಿಯನ್ನು ಕೇಳಿದ ಮೇಲೆ ತಾನೂ ಹಾಗೆಯೇ ಹಾಡಬೇಕೆಂಬ ಹಟ ಹತ್ತಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟು ಹೊರಟೇಬಿಟ್ಟ. ಊಟಕ್ಕೆ ಕುಳಿತಾಗ ತುಪ್ಪದ ವಿಷಯವಾಗಿ ಎದ್ದ ಜಗಳವೇ ನೆಪವಾಯಿತೆಂದು ಹೇಳುತ್ತಾರೆ. ತುಪ್ಪ ನೆಪವಷ್ಟೇ, ಕಾಲು ಆಗಲೇ ಹೊರಗಿತ್ತು.

ಮುಂದಿನ ಮೂರು ವರ್ಷಗಳ ಅಲೆದಾಟ ಯಾವ ಕಾದಂಬರಿಗೂ ಕಡಿಮೆಯಿಲ್ಲ. ಟಿಕೆಟ್ಟಿಲ್ಲದ ರೈಲು ಪ್ರಯಾಣ, ಸಹಪ್ರಯಾಣಿಕರು ಕೊಟ್ಟ ಪುಡಿಗಾಸು, ಹಸಿವಾದಾಗ ಹಾಡು. ಪುಣೆಗೂ ಬಂದುಹೋದದ್ದುಂಟು. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫೀಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ಶಾಲೆ ಸೇರಿದ್ದಾಯಿತು. ದೆಹಲಿ, ಲಖನೌ, ರಾಮಪುರ, ಕೊಲ್ಕತ್ತಗಳನ್ನು ಕಂಡದ್ದಾಯಿತು. ಕೊಲ್ಕತ್ತದಲ್ಲಿ ನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಕೆಲಸದ ಹುಡುಗನಾಗಿಯೂ ಇದ್ದದ್ದಾಯಿತು. ಗುರು ಮಾತ್ರ ಸಿಗಲಿಲ್ಲ. ಕೊನೆಗೆ ಜಾಲಂಧರದಲ್ಲಿ ಭಗತ್ ಮಂಗತರಾಮರಲ್ಲಿ ಕಲಿಯುತ್ತ, ಅಲ್ಲಿಗೆ ಬರುವ ದೊಡ್ಡ ಕಲಾವಿದರ ಹಿಂದೆ ಕುಳಿತು ತಂಬೂರಿ ಮೀಟುತ್ತ ಇದ್ದಾಗ, ಪುಣೆಯಲ್ಲಿ ಗಾಂಧರ್ವ ಮಹಾವಿದ್ಯಾಲಯ ನಡೆಸುತ್ತಿದ್ದ ವಿನಾಯಕರಾವ್ ಪಟವರ್ಧನರು ಇವನನ್ನು ಕಂಡರು. ಊರು ಯಾವುದೆಂದು ತಿಳಿದು ಅವರಿಗೆ ಆಶ್ಚರ್ಯವಾಯಿತು. ಅಬ್ದುಲ್ ಕರೀಮ್ ಖಾನರ ಪಟ್ಟಶಿಷ್ಯ ಸವಾಯಿ ಗಂಧರ್ವರು ಮನೆಯ ಮಗ್ಗುಲಲ್ಲೇ ಕುಂದಗೋಳದಲ್ಲಿರುವಾಗ ಪಂಜಾಬಿನಲ್ಲಿ ಅಲೆಯುವುದೇಕೆಂದು ಬುದ್ಧಿ ಹೇಳಿದರು. ಗದಗಿನಿಂದ ಹುಬ್ಬಳ್ಳಿ ಅರವತ್ತು ಕಿಲೋಮೀಟರು, ಹುಬ್ಬಳ್ಳಿಯಿಂದ ಕುಂದಗೋಳ ಇಪ್ಪತ್ತು. ಅಷ್ಟು ಹತ್ತಿರದ ದಾರಿ ತಿಳಿಯಲು ಹುಡುಗ ಜಾಲಂಧರದವರೆಗೆ ಹೋಗಬೇಕಾಯಿತು.

ತಂದೆಯೂ ಸುಮ್ಮನಿರಲಿಲ್ಲ. ಪತ್ತೆ ಹಚ್ಚಿ ಜಾಲಂಧರದಿಂದ ಮಗನನ್ನು ಕರೆತಂದರು. ಕರೆತಂದವರು ಶಾಲೆಗೆ ನೂಕಲಿಲ್ಲ, ಗುರುವಿಗೆ ಒಪ್ಪಿಸಿದರು. ಭೀಮಸೇನರು ಓಡಿಹೋದದ್ದರಿಂದಲೇ ದೊಡ್ಡವರಾದರೆಂದು ಹೇಳುವ ರೂಢಿ ನಮ್ಮಲ್ಲಿದೆ. ಅದನ್ನು ನಾವು ಒಪ್ಪಲಾರೆವು. ಓಡಿಹೋದ ಹುಡುಗರು ಆ ಕಾಲದಲ್ಲೂ ಬೇಕಾದಷ್ಟಿದ್ದರು. ಹಿಂದಿರುಗಿದ ಮೇಲೆ ಈ ಹುಡುಗ ಒಂದೆಡೆ ನಿಂತ, ಅಲ್ಲಿಯೇ ಅವನ ಭಾಗ್ಯ ಬದಲಾಯಿತು.

1936ರಲ್ಲಿ ಸವಾಯಿ ಗಂಧರ್ವರು ಇವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಮುಂದಿನ ಕೆಲವು ವರ್ಷ ಗುರುವಿನ ಮನೆಯೇ ಮನೆ. ಇಂದಿನ ಸಂಗೀತ ತರಗತಿಗಳನ್ನು ಕಂಡವರಿಗೆ ಆ ಪದ್ಧತಿಯನ್ನು ತುಸು ವಿವರಿಸಬೇಕು. ಅಲ್ಲಿ ವೇಳಾಪಟ್ಟಿ ಇಲ್ಲ, ಪರೀಕ್ಷೆ ಇಲ್ಲ. ನೀರು ಹೊರಬೇಕು, ಮನೆಗೆಲಸ ಮಾಡಬೇಕು, ಗುರುವಿನ ಮನಸ್ಸು ಬಂದಾಗ ಪಾಠ. ನಸುಕಿನಲ್ಲೆದ್ದು ಮಂದ್ರದ ಸ್ವರಗಳಲ್ಲಿ ಗಂಟೆಗಟ್ಟಲೆ ಧ್ವನಿ ಸಾಧನೆ. ರಾಗಗಳೂ ಹತ್ತಾರಲ್ಲ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಮತ್ತೆ ಮರುದಿನ ಅವೇ. ಮೂರು ವರ್ಷ ಒಂದೂರಲ್ಲಿ ನಿಲ್ಲದೆ ತಿರುಗಿದ ಹುಡುಗ ಒಂದು ಷಡ್ಜದ ಮೇಲೆ ನಿಲ್ಲುವುದನ್ನು ಕಲಿತದ್ದು ಹೀಗೆ. ಆಗ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರೂ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದರು. ಪಾಠ ಮುಗಿದ ಮೇಲೆ ಅವರನ್ನು ನಿಲ್ದಾಣದವರೆಗೆ ಕಳಿಸಿಬರುವುದು ಭೀಮಸೇನರ ಕೆಲಸ. ದಾರಿಯುದ್ದಕ್ಕೂ ಅಂದಿನ ಪಾಠದ್ದೇ ಮಾತು. ಈ ಅಕ್ಕ ತಮ್ಮಂದಿರ ಬಾಂಧವ್ಯ ಕೊನೆಯವರೆಗೆ ಉಳಿಯಿತು.

ಕುಂದಗೋಳದಿಂದ ಹೊರಬಿದ್ದ ಮೇಲೆ ಏಳಿಗೆ ತ್ವರಿತವಾಗಿ ಆಯಿತು. 1941ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಮೊದಲ ಕಛೇರಿ. 1942ರಲ್ಲಿ ಎಚ್.ಎಂ.ವಿ. ಕಂಪನಿ ಹೊರತಂದ ಮೊದಲ ಧ್ವನಿಮುದ್ರಿಕೆಯಲ್ಲಿ ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳಿದ್ದವು. ಮೊದಲ ತಟ್ಟೆಯಲ್ಲಿಯೇ ಕನ್ನಡವಿತ್ತೆಂಬುದನ್ನು ನಮ್ಮವರು ನೆನಪಿಡಬೇಕು. 1943ರಲ್ಲಿ ಮುಂಬಯಿ ಆಕಾಶವಾಣಿ. 1946ರಲ್ಲಿ ಪುಣೆಯಲ್ಲಿ ಗುರುಗಳ ಷಷ್ಟ್ಯಬ್ದಿಯ ಸಮಾರಂಭ. ಪಾರ್ಶ್ವವಾಯುವಿನಿಂದ ಹಾಡುವ ಶಕ್ತಿಯನ್ನು ಕಳೆದುಕೊಂಡಿದ್ದ ಗುರುಗಳ ಎದುರಿಗೆ ಶಿಷ್ಯ ಹಾಡಿದರು. ಅಂದಿನಿಂದ ಮಹಾರಾಷ್ಟ್ರ ಅವರನ್ನು ಬಿಡಲಿಲ್ಲ.

ಕೀರ್ತಿಯ ಜೊತೆಗೇ ತಕರಾರುಗಳೂ ಹುಟ್ಟಿದವು. ಕಿರಾನಾ ಘರಾಣೆಯೆಂದರೆ ಒಂದೊಂದು ಸ್ವರವನ್ನೂ ನಿಧಾನವಾಗಿ ಬೆಳೆಸುವ, ಮೃದುವಾದ ಗಾಯನ. ಭೀಮಸೇನರು ಆಲಾಪದಲ್ಲಿ ಆ ಮಾರ್ಗವನ್ನೇ ಹಿಡಿದರೂ ತಾನುಗಳಲ್ಲಿ ಸಿಡಿಲಿನಂತೆ ಎರಗುತ್ತಿದ್ದರು. ಕೇಸರಬಾಯಿ ಕೇರಕರ, ಅಮೀರ್ ಖಾನ್, ಬೇಗಂ ಅಖ್ತರ್ ಮೊದಲಾದವರಿಂದ ಹಿಡಿಸಿದ್ದನ್ನೆಲ್ಲ ಸಂಕೋಚವಿಲ್ಲದೆ ಎತ್ತಿಕೊಂಡರು. ಘರಾಣೆಯ ಶುದ್ಧಿ ಕೆಟ್ಟಿತೆಂದು ಮಡಿವಂತರು ಮುನಿದರು. ಹಾಡುವ ರಾಗಗಳು ಕೆಲವೇ ಎಂದು ಕೆಲವರು, ಹಾಡುವಾಗಿನ ಮುಖಭಾವ ಕೈಬೀಸು ಅತಿಯಾಯಿತೆಂದು ಮತ್ತೆ ಕೆಲವರು ಟೀಕಿಸಿದರು. ರಾಗಗಳ ಸಂಖ್ಯೆಯ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಸಮಕಾಲೀನರಾದ ಮಲ್ಲಿಕಾರ್ಜುನ ಮನ್ಸೂರರ ಅಪರೂಪದ ರಾಗಗಳ ಭಂಡಾರದ ಪಕ್ಕದಲ್ಲಿಟ್ಟರೆ ಭೀಮಸೇನರ ಪಟ್ಟಿ ಚಿಕ್ಕದೇ. ಆದರೆ ನೂರು ಸಲ ಕೇಳಿದ ಪೂರಿಯಾ ಧನಾಶ್ರೀ ನೂರೊಂದನೆಯ ಸಲವೂ ಹೊಸದಾಗಿ ಕೇಳಿಸುತ್ತಿತ್ತಲ್ಲ, ಅದಕ್ಕೆ ಟೀಕಾಕಾರರು ಉತ್ತರ ಹೇಳಲಿಲ್ಲ. ಮುಖಭಾವದ ಮಾತನ್ನು ಧ್ವನಿಸುರುಳಿಯಲ್ಲೇ ಕೇಳಿ ಬೆಳೆದ ನಮ್ಮಂಥವರು ತಲೆಗೆ ಹಚ್ಚಿಕೊಂಡದ್ದಿಲ್ಲ.

ಸಂಗೀತದ ಹೊರಗಿನ ವಿವಾದ ಇದಕ್ಕಿಂತ ತೂಕದ್ದು. 1944ರಲ್ಲಿ ಅವರು ಸೋದರಮಾವನ ಮಗಳು ಸುನಂದಾ ಕಟ್ಟಿಯವರನ್ನು ವಿವಾಹವಾಗಿದ್ದರು. ಆ ಮೇಲೆ 'ಭಾಗ್ಯಶ್ರೀ' ಎಂಬ ಕನ್ನಡ ನಾಟಕದಲ್ಲಿ ತಮ್ಮೊಡನೆ ಅಭಿನಯಿಸಿದ ವತ್ಸಲಾ ಮುಧೋಳಕರರನ್ನು 1951ರಲ್ಲಿ ಮದುವೆಯಾದರು. ಮುಂಬಯಿ ಪ್ರಾಂತ 1946ರಲ್ಲಿಯೇ ಹಿಂದೂಗಳ ದ್ವಿಪತ್ನಿತ್ವವನ್ನು ಕಾನೂನಿನಿಂದ ನಿಷೇಧಿಸಿತ್ತು. ಗದಗ, ಪುಣೆ ಎರಡೂ ಆ ಪ್ರಾಂತದೊಳಗಿನವು. ಆದ್ದರಿಂದ ಈ ನಿಷೇಧವಿಲ್ಲದ ನಾಗಪುರಕ್ಕೆ ಹೋಗಿ ನೆಲೆಸಿ ಮದುವೆ ಮಾಡಿಕೊಂಡರು. ಮೊದಲ ಪತ್ನಿಗೆ ವಿಚ್ಛೇದನ ಕೊಡಲಿಲ್ಲ. ವತ್ಸಲಾಬಾಯಿಯವರು ಸ್ವತಃ ಗಾಯಕಿ, ಮಹೋತ್ಸವದ ಕೆಲಸದಲ್ಲಿ ಹೆಗಲು ಕೊಟ್ಟವರು. ಸುನಂದಾಬಾಯಿಯವರ ಹೆಸರನ್ನು ಮಾತ್ರ ಸನ್ಮಾನದ ಸಭೆಗಳಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮೊದಲ ಕುಟುಂಬದ ಮಗ ರಾಘವೇಂದ್ರ ಜೋಶಿಯವರು ತಂದೆಯನ್ನು ಕುರಿತು ಬರೆದ ಪುಸ್ತಕ ಹೊರಬಂದ ಮೇಲೆ, ತಂದೆಯ ಗಾಯನವನ್ನು ಪೂಜಿಸುತ್ತಲೇ ತಂದೆಗಾಗಿ ಹಂಬಲಿಸಿದ ಮನೆಯೊಂದಿತ್ತೆಂಬುದು ಹೊರಗಿನವರಿಗೂ ತಿಳಿಯಿತು. ಬ್ಯಾಂಕಿನಲ್ಲಿ ಮೂರು ದಶಕ ಕಳೆದ ನಮಗೆ ಜಮೆಯ ಜೊತೆ ಖರ್ಚನ್ನೂ ನೋಡುವ ಚಟ. ಮಹಾಪುರುಷರ ಜೀವನವನ್ನು ಬರೆಯುವವರು ಈ ಖರ್ಚಿನ ಪುಟವನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ. ಖರ್ಚು ಹಾಕಿದವರು ಬೇರೆಯವರಾದಾಗಲಂತೂ ಇಲ್ಲವೇ ಇಲ್ಲ.

ಮದ್ಯದ ವಿಷಯವೂ ಬಚ್ಚಿಡುವಂಥದಲ್ಲ. ಅನೇಕ ವರ್ಷ ಅದು ಅವರನ್ನು ಕಾಡಿತು. ಕಛೇರಿಗಳು ಕೆಟ್ಟದ್ದುಂಟು, ಶ್ರೋತೃಗಳು ಕಾದು ಕಾದು ನಿರಾಶರಾಗಿ ಹೋದದ್ದುಂಟು. ಕಲಾವಿದರಿಗೆ ಅದು ಬೇಕಾಗುತ್ತದೆಂದು ಸಮರ್ಥಿಸುವವರನ್ನು ಇಂದಿಗೂ ಕಾಣುತ್ತೇವೆ. ಸ್ವತಃ ಭೀಮಸೇನರು ಅದನ್ನು ಸಮರ್ಥಿಸುತ್ತ ಕೂಡಲಿಲ್ಲ, 1970ರ ದಶಕದ ಕೊನೆಯ ಹೊತ್ತಿಗೆ ಬಿಟ್ಟರು. ಬಿಟ್ಟ ಮೇಲಿನ ಗಾಯನದಲ್ಲಿ ಒಂದು ತುಂಬಿದ ಶಾಂತಿ ಬಂದಿತೆಂಬುದು ನಮ್ಮ ಅಭಿಪ್ರಾಯ. ಬಿಡದ ಹುಚ್ಚೆಂದರೆ ವಾಹನದ್ದು. ತಂಬೂರಿ, ಸಾಥಿದಾರರನ್ನು ಕಾರಿನಲ್ಲಿ ತುಂಬಿಕೊಂಡು ರಾತ್ರಿಯೆಲ್ಲ ತಾವೇ ವೇಗವಾಗಿ ಓಡಿಸಿಕೊಂಡು ಊರಿಂದೂರಿಗೆ ಹೋಗುವರು. ಗಾಡಿ ಕೆಟ್ಟರೆ ತಾವೇ ಇಳಿದು ದುರಸ್ತಿ ಮಾಡುವಷ್ಟು ಅದರ ಮರ್ಮ ಬಲ್ಲರು. ಮುಂದೆ ವಿಮಾನದಲ್ಲಿ ತಿರುಗುವುದು ಹೆಚ್ಚಾದಾಗ ಸವಾಯಿ ಗಂಧರ್ವರ ಶಿಷ್ಯನಿಗೆ ಹವಾಯಿ ಗಂಧರ್ವ ಎಂಬ ಅಡ್ಡಹೆಸರೇ ಬಿತ್ತು. ಟಿಕೆಟ್ಟಿಲ್ಲದೆ ರೈಲು ಹತ್ತಿದ ಹುಡುಗ ಎಲ್ಲಿಗೂ ಹೋಗಿರಲಿಲ್ಲ, ಒಳಗೇ ಇದ್ದ.

ಗುರುಗಳು 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷದ ಪುಣ್ಯತಿಥಿಗೆ ಆರಂಭವಾದ ಸ್ಮರಣೆಯ ಕಛೇರಿಯೇ ಆರ್ಯ ಸಂಗೀತ ಪ್ರಸಾರಕ ಮಂಡಳದ ಈ ಮಹೋತ್ಸವ. ಗುರುಗಳ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರ ಜೊತೆ ಸೇರಿ ಭೀಮಸೇನರು ಅದನ್ನು ಕಟ್ಟಿದರು. ಸ್ವಂತ ಜೀವನದಲ್ಲಿ ಯಾವ ಕಟ್ಟಿಗೂ ಸಿಗದ ಮನುಷ್ಯ, ವರ್ಷಕ್ಕೊಮ್ಮೆ ಬರುವ ಈ ಒಂದು ಜವಾಬ್ದಾರಿಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಪ್ಪದೆ ಹೊತ್ತರು. ಕೊನೆಯ ದಿನದ ಸಮಾರೋಪದ ಗಾಯನ ದಶಕಗಳ ಕಾಲ ಅವರದೇ ಆಗಿತ್ತು.

ಚಲನಚಿತ್ರಗಳಲ್ಲಿ ಅವರು ಹಾಡಿದ್ದು ಕಡಿಮೆ. 1956ರ 'ಬಸಂತ್ ಬಹಾರ್' ಚಿತ್ರದ ಗಾನಸ್ಪರ್ಧೆಯಲ್ಲಿ ಮನ್ನಾ ಡೇಯವರ ಎದುರು ಸೋಲುವ ಗಾಯಕನ ಧ್ವನಿ ಇವರದು. ಭೀಮಸೇನರನ್ನು ಹಾಡಿನಲ್ಲಿ ಸೋಲಿಸುವುದೆಂದು ಮನ್ನಾ ಡೇ ಬೆವೆತದ್ದು ಪ್ರಸಿದ್ಧ. ಅನಕೃ ಅವರ ಕಾದಂಬರಿಯನ್ನಾಧರಿಸಿದ 1966ರ 'ಸಂಧ್ಯಾರಾಗ'ದಲ್ಲಿ ರಾಜಕುಮಾರರ ಚಿತ್ರಕ್ಕೆ ಇವರ ಕಂಠ ದೊರೆಯಿತು. 1988ರಲ್ಲಿ ದೂರದರ್ಶನದ 'ಮಿಲೇ ಸುರ್ ಮೇರಾ ತುಮ್ಹಾರಾ' ಹಳ್ಳಿಹಳ್ಳಿಗೂ ಅವರ ಮುಖವನ್ನು ಒಯ್ದಿತು. ಇವೆಲ್ಲಕ್ಕಿಂತ ಮಿಗಿಲಾಗಿ ಮರಾಠಿಯಲ್ಲಿ ಸಂತವಾಣಿ, ಕನ್ನಡದಲ್ಲಿ ದಾಸವಾಣಿ. ಮರಾಠಿ ಮನೆಗಳಲ್ಲಿ ತುಕಾರಾಮ, ನಮ್ಮ ಮನೆಗಳಲ್ಲಿ ಪುರಂದರದಾಸರು, ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡೂ ಕಡೆ ಒಂದೇ ಧ್ವನಿ. ಶಾಸ್ತ್ರೀಯ ಗಾಯಕರು ಭಜನೆಗೆ ಇಳಿದರೆಂದು ಮೂಗು ಮುರಿದವರಿದ್ದರು. ತಾಯಿಯ ಭಜನೆ ಕೇಳಿ ಹಾಡತೊಡಗಿದವರಿಗೆ ಅದು ಇಳಿಯುವುದು ಹೇಗಾದೀತು?

ಅವರು ಕರ್ನಾಟಕದವರೋ ಮಹಾರಾಷ್ಟ್ರದವರೋ ಎಂಬ ಜಗ್ಗಾಟಕ್ಕೆ ಎರಡೂ ಸರಕಾರಗಳು ತಮ್ಮ ತಮ್ಮ ರೀತಿಯಲ್ಲಿ ಉತ್ತರ ಕೊಟ್ಟಿವೆ. 2002ರಲ್ಲಿ ಮಹಾರಾಷ್ಟ್ರ ಭೂಷಣ, 2005ರಲ್ಲಿ ಕರ್ನಾಟಕ ರತ್ನ. 2008ರ ನವೆಂಬರಿನಲ್ಲಿ ಭಾರತರತ್ನ ಘೋಷಣೆಯಾದಾಗ ಅವರು ಪುಣೆಯ ನವಿ ಪೇಠದ 'ಕಲಾಶ್ರೀ' ಮನೆಯಲ್ಲಿದ್ದರು. ಮನೆಗಿಟ್ಟದ್ದು ತಾವೇ ರೂಪಿಸಿದ ಒಂದು ರಾಗದ ಹೆಸರು.

2007ರ ಮಹೋತ್ಸವದಲ್ಲಿ ಬಳಲಿದ ದೇಹದಲ್ಲೇ ಬಂದು ಹಾಡಿದರು. 2011ರ ಜನವರಿ 24ರಂದು ಪುಣೆಯಲ್ಲಿ ನಿಧನರಾದರು. ಅದೇ ದಿನ ವೈಕುಂಠ ಸ್ಮಶಾನದಲ್ಲಿ ಸರಕಾರಿ ಗೌರವಗಳೊಡನೆ ಅಂತ್ಯಕ್ರಿಯೆ ನಡೆಯಿತು. ಆ ಮೇಲೆ ಮಹೋತ್ಸವದ ಹೆಸರಿನಲ್ಲಿ ಗುರುವಿನ ಹೆಸರಿನ ಹಿಂದೆ ಶಿಷ್ಯನ ಹೆಸರನ್ನೂ ಸೇರಿಸಿದರು.